ಮೂತ್ರಪಿಂಡ, ಅಧಿಕ ರಕ್ತದೊತ್ತಡ ಮತ್ತು ಮೆದುಳು: ರೋಗಶಾಸ್ತ್ರ ಸಂಶೋಧನೆಯ ಇತಿಹಾಸ

ಮೂತ್ರಪಿಂಡದ ಕಾಯಿಲೆ, ಏರಿದ ರಕ್ತದೊತ್ತಡ, ಮೆದುಳಿನ ಹಾನಿ ಈ ಮೂರೂ ಒಬ್ಬನೇ ರೋಗಿಯಲ್ಲಿ ಕೂಡಿ ಬರುತ್ತವೆಂಬುದು ವೈದ್ಯರಿಗೆ ಸುಮಾರು 200 ವರ್ಷಗಳಿಂದ ಗೊತ್ತು. ಯಾವುದು ಮೊದಲು, ಯಾವುದು ಅದರ ಫಲ ಎಂದು ಬಿಡಿಸಲು ಮಾತ್ರ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಶವಪರೀಕ್ಷೆಯ ಮೇಜಿನ ಮೇಲೆ ಕುಗ್ಗಿದ ಮೂತ್ರಪಿಂಡ, ದಪ್ಪಗಾದ ಹೃದಯ, ಒಳಗೆ ರಕ್ತ ಸೋರಿದ ಮೆದುಳು ಒಟ್ಟಿಗೇ ಸಿಗುತ್ತವೆ. ಅವುಗಳ ಹುಟ್ಟಿನ ಅನುಕ್ರಮ ಅಲ್ಲಿ ಬರೆದಿರುವುದಿಲ್ಲ. ಆದ್ದರಿಂದಲೇ ಈ ವಿಷಯದಲ್ಲಿ ನಿಜವಾದ ಮುನ್ನಡೆ ಬಂದದ್ದು ಶವದ ಮುಂದೆ ನಿಂತಿದ್ದ ಕೆಲವು ರೋಗಶಾಸ್ತ್ರಜ್ಞರು ಜೀವಂತ ಪ್ರಾಣಿಯ ಕಡೆ ತಿರುಗಿ, ತಾವು ಕಂಡ ರೋಗವನ್ನು ತಾವೇ ಉಂಟುಮಾಡಿ ನೋಡಿದಾಗ.

ಬ್ರೈಟ್‌ನಿಂದ ಮಹಮದ್‌ವರೆಗೆ

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಪ್ರಕಟಿಸಿದ ರೋಗಿವರದಿಗಳೇ ಈ ಚರಿತ್ರೆಯ ಆರಂಭ. ಮೈ ಊದಿಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಗೆ ಕಾಯಿಸಿದರೆ ಅದು ಹೆಪ್ಪುಗಟ್ಟುತ್ತದೆ. ಅಂಥವರು ಸತ್ತಾಗ ಮೂತ್ರಪಿಂಡ ಕೆಟ್ಟಿರುವುದು ಕಾಣುತ್ತದೆ ಎಂದು ಆತ ತೋರಿಸಿದ. ‘ಬ್ರೈಟನ ಕಾಯಿಲೆ’ ಎಂಬ ಹೆಸರು ಮುಂದೆ ನೂರು ವರ್ಷ ಬಳಕೆಯಲ್ಲಿತ್ತು. 1836ರಲ್ಲಿ ಅಂಥ 100 ರೋಗಿಗಳ ಶವಪರೀಕ್ಷೆಗಳನ್ನು ಆತ ಪಟ್ಟಿ ಮಾಡಿದ. ಕವಾಟಗಳಲ್ಲಿ ಯಾವ ದೋಷವೂ ಇಲ್ಲದ ಎಷ್ಟೋ ಹೃದಯಗಳಲ್ಲಿ ಎಡ ಹೃತ್ಕುಕ್ಷಿ ದಪ್ಪಗಾಗಿತ್ತು. ಇದಕ್ಕೆ ಬ್ರೈಟ್ ಎರಡು ಊಹೆಗಳನ್ನು ಮುಂದಿಟ್ಟ. ಕೆಟ್ಟ ರಕ್ತ ನೇರವಾಗಿ ಹೃದಯವನ್ನು ಕೆಣಕುತ್ತಿರಬಹುದು. ಇಲ್ಲವೇ ಅದು ಸಣ್ಣ ರಕ್ತನಾಳಗಳನ್ನು ಬಾಧಿಸಿ, ಅವುಗಳ ಮೂಲಕ ರಕ್ತ ನೂಕಲು ಹೃದಯ ಹೆಚ್ಚು ಬಲ ಹಾಕಬೇಕಾಗಿರಬಹುದು. ರಕ್ತದೊತ್ತಡ ಎಂಬ ಮಾತು ಅಲ್ಲಿ ಬರುವುದಿಲ್ಲ. ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಸೇರಿಸಿ ರಕ್ತ ಎಷ್ಟು ಎತ್ತರಕ್ಕೇರುತ್ತದೆಂದು ಅಳೆದದ್ದನ್ನು 1733ರಲ್ಲೇ ಪ್ರಕಟಿಸಿದ್ದರೂ, ಮನುಷ್ಯನಲ್ಲಿ ಅದನ್ನು ಅಳೆಯುವ ಉಪಾಯ ಬ್ರೈಟ್‌ನ ಕೈಯಲ್ಲಿರಲಿಲ್ಲ. ಆ ಸ್ಥಿತಿಯಲ್ಲಿ ಎರಡನೆಯ ಊಹೆಯನ್ನು ಮಾಡಿದ್ದೇ ಅವನ ದೊಡ್ಡತನ.

ಈ ರೋಗಿಗಳಲ್ಲಿ ತಲೆನೋವು, ಸೆಳವು, ಕಣ್ಣು ಮಂಜಾಗುವುದು, ಕೊನೆಗೆ ಪಾರ್ಶ್ವವಾಯು ಬರುವುದನ್ನು ಅಂದಿನವರು ಚೆನ್ನಾಗಿಯೇ ಗಮನಿಸಿದ್ದರು. ಆದರೆ ಮೂತ್ರದಲ್ಲಿ ಹೊರಹೋಗದ ವಿಷ ರಕ್ತದಲ್ಲಿ ಉಳಿದು ಮೆದುಳನ್ನು ಕೆಡಿಸುತ್ತದೆ, ಅಂದರೆ ಇದೆಲ್ಲ ‘ಯುರೀಮಿಯ’ ಎಂಬ ಒಂದೇ ವಿವರಣೆ ಎಲ್ಲಕ್ಕೂ ಸಾಕಾಗುತ್ತಿತ್ತು. ಬರ್ಲಿನ್ನಿನ ಲುಡ್ವಿಗ್ ಟ್ರೌಬೆ 1860ರ ದಶಕದ ಆರಂಭದಲ್ಲಿ ಇದನ್ನು ಒಪ್ಪದೆ, ತೆಳುವಾದ ರಕ್ತ ಹೆಚ್ಚಿನ ಒತ್ತಡದಲ್ಲಿ ಹರಿದಾಗ ಮೆದುಳು ನೀರು ಹಿಡಿದು ಊದುತ್ತದೆ, ಸೆಳವು ಬರುವುದು ಅದರಿಂದ ಎಂದ. ಆ ಮಾತು ಬಹುಕಾಲ ಮೂಲೆಗುಂಪಾಗಿತ್ತು.

ಸೂಕ್ಷ್ಮದರ್ಶಕ ಸುಧಾರಿಸಿದಂತೆ ಜಗಳವೂ ಸೂಕ್ಷ್ಮವಾಯಿತು. ಮೂತ್ರಪಿಂಡದ ಕಿರುಅಪಧಮನಿಗಳಲ್ಲಿ ಸ್ನಾಯುಪದರ ದಪ್ಪಗಾಗುತ್ತದೆ, ಅದು ಕೆಟ್ಟ ರಕ್ತವನ್ನು ತಡೆಯಲು ನಾಳಗಳು ಬಿಗಿದುಕೊಂಡದ್ದರ ಗುರುತು ಎಂದು ಜಾರ್ಜ್ ಜಾನ್ಸನ್ 1868ರಲ್ಲಿ ವಾದಿಸಿದ. ವಿಲಿಯಂ ಗಲ್ ಮತ್ತು ಹೆನ್ರಿ ಸಟನ್ 1872ರಲ್ಲಿ ಇದಕ್ಕೆ ತಿರುಗಿ ಬಿದ್ದರು. ದಪ್ಪಗಾದದ್ದು ಸ್ನಾಯುವಲ್ಲ, ಗಾಜಿನಂತೆ ಕಾಣುವ ನಾರುವಸ್ತು. ಅದು ಇಡೀ ದೇಹದ ಕಿರುನಾಳಗಳ ಕಾಯಿಲೆ, ಮೂತ್ರಪಿಂಡ ಕುಗ್ಗುವುದು ಅದರ ಒಂದು ಭಾಗ ಮಾತ್ರ ಎಂಬುದು ಅವರ ನಿಲುವು. ನೀವು ಕಂಡದ್ದು ಅಂಗಾಂಶವನ್ನು ಸಿದ್ಧಪಡಿಸುವಾಗ ಆದ ವಿಕಾರ ಎಂದು ಜಾನ್ಸನ್ ಮರುನುಡಿದ. ಇಬ್ಬರೂ ಕಂಡದ್ದು ನಿಜವೇ ಎಂಬುದು ಈಗ ಗೊತ್ತು. ಒಂದೇ ನಾಳದ ಕಾಯಿಲೆಯ ಬೇರೆ ಬೇರೆ ಹಂತಗಳ ಬಗ್ಗೆ ಅವರು ವರ್ಷಗಟ್ಟಲೆ ಕಾದಾಡಿದ್ದರು.

ಈ ಕಾದಾಟದಿಂದ ಹೊರಗೆ ಹೆಜ್ಜೆ ಇಟ್ಟವನು ಅದೇ ಗೈಸ್ ಆಸ್ಪತ್ರೆಯ ತರುಣ ಫ್ರೆಡರಿಕ್ ಅಕ್ಬರ್ ಮಹಮದ್ (1849-1884). ಪಟ್ನಾದಿಂದ ಹೋಗಿ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆ ನಡೆಸಿ ಹೆಸರಾದ, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೊದಲ ಭಾರತೀಯನೆಂದು ಗುರುತಿಸಲಾಗುವ ಶೇಖ್ ದೀನ್ ಮಹಮದ್‌ನ ಮೊಮ್ಮಗ ಈತ. ಭಾರತದ ನಂಟು ಅಷ್ಟಕ್ಕೇ ನಿಲ್ಲುತ್ತದೆ. ಮಹಮದ್ ಹುಟ್ಟಿ ಬೆಳೆದದ್ದೆಲ್ಲ ಇಂಗ್ಲೆಂಡಿನಲ್ಲೇ. ಮಾರೆ ಎಂಬ ಫ್ರೆಂಚ್ ವಿಜ್ಞಾನಿ 1860ರಲ್ಲಿ ರೂಪಿಸಿದ್ದ, ಮಣಿಕಟ್ಟಿನ ನಾಡಿಯ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಸ್ಫಿಗ್ಮೋಗ್ರಾಫ್ ಯಂತ್ರವನ್ನು ಆತ ತಿದ್ದಿ ಸುಧಾರಿಸಿದ. ಕೆಂಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಗಳ ನಾಡಿಯನ್ನು ದಿನದಿನವೂ ದಾಖಲಿಸಿದಾಗ, ಮೂತ್ರದಲ್ಲಿ, ಕಾಯಿಸಿದರೆ ಹೆಪ್ಪುಗಟ್ಟುವ ಆಲ್ಬುಮಿನ್ ಎಂಬ ಪ್ರೋಟೀನ್ ಕಾಣಿಸಿಕೊಳ್ಳುವ ಮೊದಲೇ ನಾಡಿ ಬಿಗಿಯಾಗುವುದು ಅವನಿಗೆ ತಿಳಿಯಿತು. 1874ರ ಪ್ರಬಂಧದಲ್ಲಿ ಇದನ್ನು ‘ಆಲ್ಬುಮಿನ್-ಪೂರ್ವ ಹಂತ’ ಎಂದು ಕರೆದ. ಕೆಲವು ವರ್ಷಗಳ ಮೇಲೆ, ಮೂತ್ರಪಿಂಡ ಚೆನ್ನಾಗಿಯೇ ಇದ್ದು ಒತ್ತಡ ಮಾತ್ರ ಏರಿರುವ ಜನರೂ ಇದ್ದಾರೆ ಎಂದು ತೋರಿಸಿದ. ಇವತ್ತು ‘ಎಸೆನ್ಷಿಯಲ್ ಹೈಪರ್‌ಟೆನ್ಷನ್’ ಎನ್ನುವ, ಬಹುಪಾಲು ಬಿ.ಪಿ. ರೋಗಿಗಳಲ್ಲಿರುವ ಸ್ಥಿತಿಯ ಮೊದಲ ಸ್ಪಷ್ಟ ವಿವರಣೆ ಅದು. ವಿಷಮಶೀತಜ್ವರಕ್ಕೆ ತುತ್ತಾಗಿ 35ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ರಿವಾ-ರೋಚಿಯ ಉಪಕರಣ ಬಂದದ್ದು 1896ರಲ್ಲಿ. ಆಗ ಮಹಮದ್ ಬದುಕಿದ್ದಿದ್ದರೆ ಅವನಿಗೆ 47 ಆಗಿರುತ್ತಿತ್ತು.

ಮೆದುಳಿನ ಸಣ್ಣ ನಾಳಗಳು

ಮೆದುಳಿನಲ್ಲಿ ರಕ್ತಸ್ರಾವವಾಗಿ ಸತ್ತವರನ್ನು ಪ್ಯಾರಿಸ್ಸಿನಲ್ಲಿ ಪರೀಕ್ಷಿಸುತ್ತಿದ್ದ ಷಾರ್ಕೊ ಮತ್ತು ಬುಷಾರ್ 1868ರಲ್ಲಿ ಒಂದು ಗಮನಾರ್ಹ ವರದಿ ಕೊಟ್ಟರು. ಮೆದುಳಿನ ಮೆತ್ತನೆಯ ಭಾಗವನ್ನು ನೀರಿನಲ್ಲಿ ತೊಳೆದುಬಿಟ್ಟರೆ ಉಳಿಯುವ ಕಿರುನಾಳಗಳ ಮೇಲೆ ರಾಗಿ ಕಾಳಿನ ಗಾತ್ರದ ಉಬ್ಬುಗಳಿವೆ, ಅವು ಒಡೆಯುವುದೇ ರಕ್ತಸ್ರಾವಕ್ಕೆ ಕಾರಣ ಎಂದರು. ಇದಕ್ಕೂ ರಕ್ತದೊತ್ತಡಕ್ಕೂ ಗಂಟು ಹಾಕುವ ದಾರಿ ಅವರಿಗೆ ಕಾಣಲಿಲ್ಲ. ಷಾರ್ಕೊನ ಹೆಸರಿನ ಭಾರದಿಂದ ಉಬ್ಬುಗಳ ಮಾತು ಪಠ್ಯಪುಸ್ತಕ ಸೇರಿತು. ಅದು ಸರಿಯೇ ಎಂದು ಕೇಳಿದವರು ಕಡಿಮೆ. ಕಾಣುವುದು ನಿಜವಾದ ಉಬ್ಬಲ್ಲ, ಈಗಾಗಲೇ ಸೋರಿದ ರಕ್ತ ನಾಳದ ಸುತ್ತ ಗಡ್ಡೆಕಟ್ಟಿದ್ದು ಎಂಬ ಆಕ್ಷೇಪ 20ನೆಯ ಶತಮಾನದ ಮೊದಲ ದಶಕದಲ್ಲೇ ಬಂದಿತ್ತು.

ಆಕ್ಷೇಪ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು 1963ರವರೆಗೆ ಕಾಯಬೇಕಾಯಿತು. ಆ ವರ್ಷ ಬ್ರಿಟನ್ನಿನ ರಾಸ್ ರಸೆಲ್ ಶವದ ಮೆದುಳಿನ ನಾಳಗಳಿಗೆ ಬೇರಿಯಂ ತುಂಬಿಸಿ ಎಕ್ಸ್-ರೇ ತೆಗೆದು, ಬಿ.ಪಿ. ಇದ್ದವರ ಮೆದುಳಿನ ಆಳದಲ್ಲಿ ಉಬ್ಬುಗಳು ಹೇರಳವಾಗಿರುವುದನ್ನು ತೋರಿಸಿದ. 1967ರಲ್ಲಿ ಕೋಲ್ ಮತ್ತು ಯೇಟ್ಸ್ ಬಿ.ಪಿ. ಇದ್ದ 100 ಮೆದುಳುಗಳಲ್ಲಿ 46ರಲ್ಲೂ, ಇಲ್ಲದ 100ರಲ್ಲಿ 7ರಲ್ಲೂ ಅವನ್ನು ಕಂಡರು. ವಿಷಯ ಇತ್ಯರ್ಥವಾಯಿತೆಂದುಕೊಂಡಾಗ, 1992ರಲ್ಲಿ ಅಮೆರಿಕದ ಚಲ್ಲಾ ಮತ್ತು ಸಂಗಡಿಗರು ನಾಳಗಳ ಗೋಡೆಗೆ ಬಣ್ಣ ಹಿಡಿಸುವ ಹೊಸ ವಿಧಾನದಿಂದ ದಪ್ಪ ಚೂರುಗಳನ್ನು ಪರೀಕ್ಷಿಸಿ, ಉಬ್ಬಿನಂತೆ ತೋರುವುದರಲ್ಲಿ ಬಹುಪಾಲು ಸುರುಳಿ ಸುತ್ತಿಕೊಂಡ ನಾಳಗಳೇ ಎಂದರು. ಬೋಸ್ಟನ್ನಿನ ಮಿಲ್ಲರ್ ಫಿಷರ್ ಈ ಜಗಳಕ್ಕಿಂತ ಹೆಚ್ಚು ಬಾಳಿಕೆಯ ಕೆಲಸ ಮಾಡಿದ. ಒಂದೊಂದು ಕಿರುನಾಳವನ್ನೂ ಅದು ಕವಲೊಡೆದಲ್ಲಿಂದ ಕೊನೆಯವರೆಗೆ ಸಾಲುಸಾಲು ಚೂರುಗಳಲ್ಲಿ ಹಿಂಬಾಲಿಸಿ, ಗೋಡೆ ಕೊಬ್ಬು ಮತ್ತು ಗಾಜಿನಂಥ ವಸ್ತು ತುಂಬಿ ಕೆಡುವುದನ್ನು ವರ್ಣಿಸಿದ. ಹಾಗೆ ಕೆಟ್ಟ ನಾಳ ಮುಚ್ಚಿದರೆ ಮೆದುಳಿನಲ್ಲಿ ‘ಲಕೂನ್’ ಎಂಬ ಸಣ್ಣ ಕುಳಿ, ಒಡೆದರೆ ರಕ್ತಸ್ರಾವ. 1965ರಲ್ಲಿ ಆತ ಪ್ರಕಟಿಸಿದ ಲೆಕ್ಕದಂತೆ 1042 ಮೆದುಳುಗಳಲ್ಲಿ 114ರಲ್ಲಿ ಇಂಥ ಕುಳಿಗಳಿದ್ದವು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬಿ.ಪಿ. ಇತ್ತು. ಮೂತ್ರಪಿಂಡದಲ್ಲಿ ಗಲ್ ಮತ್ತು ಸಟನ್ ಕಂಡಿದ್ದ ಗಾಜಿನಂಥ ವಸ್ತುವಿನ ಸಮೀಪದ ಬಂಧುವೇ ಫಿಷರ್ ಮೆದುಳಿನಲ್ಲಿ ಕಂಡದ್ದು. ಎರಡೂ ಅಂಗಗಳಲ್ಲಿ ದೊಡ್ಡ ನಾಳಗಳಿಂದ ಕಿರುನಾಳಗಳು ನೇರವಾಗಿ ಕವಲೊಡೆಯುವುದರಿಂದ ಒತ್ತಡ ತಗ್ಗದೆಯೇ ಅವುಗಳ ಗೋಡೆಗೆ ಬಡಿಯುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಸೋರುವವರ ಮೆದುಳಿನ ಎಂ.ಆರ್.ಐ.ಯಲ್ಲಿ ಸಣ್ಣ ರಕ್ತದ ಚುಕ್ಕೆಗಳು ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

ಇಂಥ ಕೆಲಸಕ್ಕೆ ಮೆದುಳುಗಳನ್ನು ಕೂಡಿಡುವ ವ್ಯವಸ್ಥೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮಾನವ ಮೆದುಳಿನ ಅಂಗಾಂಶ ಭಂಡಾರ ಆರಂಭವಾಯಿತು. ಅದರ ಜೊತೆಗಿರುವ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರೂ ಕೆಟ್ಟ ಮೆದುಳುಗಳನ್ನು ಕಣ್ಣಾರೆ ನೋಡಬಹುದು.

ರೆನಿನ್: ಕಂಡು ಮರೆತದ್ದು

ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಫಿನ್ಲೆಂಡ್ ಮೂಲದ ಶರೀರಶಾಸ್ತ್ರಜ್ಞ ರಾಬರ್ಟ್ ಟೀಗರ್‌ಸ್ಟೆಡ್ ತನ್ನ ವಿದ್ಯಾರ್ಥಿ ಪೆರ್ ಬೆರ್ಗ್‌ಮನ್ ಜೊತೆ ಮೊಲದ ಮೂತ್ರಪಿಂಡವನ್ನು ಅರೆದು, ಅದರ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಒತ್ತಡ ಏರಿತು. ಆ ವಸ್ತುವಿಗೆ ‘ರೆನಿನ್’ ಎಂದು ಹೆಸರಿಟ್ಟು 1898ರಲ್ಲಿ ಪ್ರಕಟಿಸಿದರು. ಬ್ರೈಟ್‌ನ ಒಗಟಿಗೆ ಬೇಕಾಗಿದ್ದ ಕೊಂಡಿ ಅದೇ. ಆದರೆ ಬೆರ್ಗ್‌ಮನ್ ವೈದ್ಯವೃತ್ತಿಗೆ ಹೋದ, ಟೀಗರ್‌ಸ್ಟೆಡ್ ಹೆಲ್ಸಿಂಕಿಗೆ ಹೋಗಿ ಬೇರೆ ವಿಷಯ ಹಿಡಿದ. ಬೇರೆಯವರು ಮಾಡಿದ ಮರುಪ್ರಯೋಗಗಳಲ್ಲಿ ಕೆಲವು ಫಲಿಸಲಿಲ್ಲ. ಸುಮಾರು ನಾಲ್ಕು ದಶಕ ಯಾರೂ ಆ ಪ್ರಬಂಧವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆ ನಡುವೆ ಜರ್ಮನಿಯ ಮನ್‌ಹೈಮ್‌ನಲ್ಲಿ ವೈದ್ಯ ಫ್ರಾಂಜ್ ಫೋಲ್ಹಾರ್ಡ್ ಮತ್ತು ರೋಗಶಾಸ್ತ್ರಜ್ಞ ತಿಯೊಡೋರ್ ಫಾರ್ 1914ರಲ್ಲಿ ಒಂದು ದೊಡ್ಡ ಗ್ರಂಥ ತಂದರು. ಒಬ್ಬ ಹಾಸಿಗೆಯ ಪಕ್ಕ ನೋಡಿದ್ದನ್ನು ಇನ್ನೊಬ್ಬ ಅದೇ ರೋಗಿ ಸತ್ತ ಮೇಲೆ ಸೂಕ್ಷ್ಮದರ್ಶಕದಲ್ಲಿ ಹುಡುಕಿದ. ಅದೇ ಅದರ ಬಲ. ಬಿ.ಪಿ.ಯಿಂದ ಮೂತ್ರಪಿಂಡ ಕೆಡುವುದರಲ್ಲಿ ನಿಧಾನದ ಸೌಮ್ಯ ಬಗೆ ಒಂದು, ಕಿರುನಾಳಗಳ ಗೋಡೆಯೇ ಸತ್ತು ತಿಂಗಳುಗಳಲ್ಲಿ ರೋಗಿಯನ್ನು ಮುಗಿಸುವ ಮಾರಕ ಬಗೆ ಇನ್ನೊಂದು ಎಂಬ ವಿಂಗಡಣೆ ಇವರಿಂದ ಬಂತು. ಈ ಮಾರಕ ಬಗೆಯಲ್ಲೇ ಮೆದುಳಿನ ಲಕ್ಷಣಗಳು ಜೋರು. ನ್ಯೂಯಾರ್ಕಿನ ಒಪೆನ್‌ಹೈಮರ್ ಮತ್ತು ಫಿಷ್‌ಬರ್ಗ್ 1928ರಲ್ಲಿ ತೀವ್ರ ತಲೆನೋವು, ಸೆಳವು, ಮಂಕು ಕವಿಯುವಿಕೆಗಳ ಈ ಗುಂಪನ್ನು ಯುರೀಮಿಯದಿಂದ ಬೇರ್ಪಡಿಸಿ ‘ಹೈಪರ್‌ಟೆನ್ಸಿವ್ ಎನ್ಸೆಫಲೋಪತಿ’ ಎಂದು ಹೆಸರಿಸಿದರು. ಟ್ರೌಬೆ ಹೇಳಿದ್ದಕ್ಕೆ ಹೀಗೆ ತಡವಾಗಿ ಬೆಲೆ ಬಂತು.

ಗೋಲ್ಡ್‌ಬ್ಲಾಟ್‌ನ ಬೆಳ್ಳಿಯ ಚಿಮಟ

ಹ್ಯಾರಿ ಗೋಲ್ಡ್‌ಬ್ಲಾಟ್ (1891-1977) ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೋಗಶಾಸ್ತ್ರಜ್ಞನಾಗಿದ್ದ. ಬಿ.ಪಿ. ಇದ್ದು ಸತ್ತವರ ಶವಗಳಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣದಿದ್ದರೂ ಮೂತ್ರಪಿಂಡದ ನಾಳಗಳು ಪೆಡಸಾಗಿ ಕಿರಿದಾಗಿರುವುದು ಅವನ ಕಣ್ಣಿಗೆ ಮತ್ತೆಮತ್ತೆ ಬಿತ್ತು. ಒತ್ತಡದಿಂದ ನಾಳ ಕಿರಿದಾಯಿತು ಎಂದು ಅಂದಿನ ಬಹುಮಂದಿ ಹೇಳುತ್ತಿದ್ದರು. ನಾಳ ಕಿರಿದಾದದ್ದರಿಂದಲೇ ಒತ್ತಡ ಏರಿರಬಾರದೇಕೆ ಎಂದು ಈತ ಕೇಳಿಕೊಂಡ. ಉತ್ತರ ಶವದಲ್ಲಿರಲಿಲ್ಲ. ಆತ ತಿರುಪು ತಿರುಗಿಸಿ ಬೇಕಾದಷ್ಟೇ ಬಿಗಿ ಮಾಡಬಲ್ಲ ಒಂದು ಪುಟ್ಟ ಬೆಳ್ಳಿಯ ಚಿಮಟವನ್ನು ಮಾಡಿಸಿ, ನಾಯಿಗಳ ಮೂತ್ರಪಿಂಡದ ಅಪಧಮನಿಗೆ ತೊಡಿಸಿದ. ಒತ್ತಡ ಅಳೆಯಲು ಕತ್ತಿನ ಅಪಧಮನಿಯನ್ನು ಚರ್ಮದ ಕುಣಿಕೆಯೊಳಗೆ ಮೊದಲೇ ಹೊರತಂದಿಟ್ಟಿರುತ್ತಿದ್ದ. ಅದಕ್ಕೆ ಸಣ್ಣ ಪಟ್ಟಿ ಸುತ್ತಿದರೆ ಪ್ರಾಣಿಗೆ ನೋವಿಲ್ಲದೆ ದಿನವೂ ಓದಬಹುದಿತ್ತು.

1934ರಲ್ಲಿ ಮೂವರು ಸಂಗಡಿಗರೊಂದಿಗೆ ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಒಂದು ಕಡೆಯ ನಾಳವನ್ನು ಬಿಗಿದರೆ ಒತ್ತಡ ಏರಿ ಕೆಲಕಾಲಕ್ಕೆ ಇಳಿಯಿತು. ಎರಡೂ ಕಡೆ ಬಿಗಿದರೆ ಏರಿದ್ದು ಏರಿದಂತೆಯೇ ಉಳಿಯಿತು. ಬೇರೆ ಅಂಗಗಳ ನಾಳಗಳನ್ನು ಬಿಗಿದಾಗ ಹಾಗಾಗಲಿಲ್ಲ. ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಮೂತ್ರಪಿಂಡಕ್ಕೆ ಹೋಗುವ ನರಗಳನ್ನು ಕತ್ತರಿಸಿದರೂ ಏರಿಕೆ ತಪ್ಪಲಿಲ್ಲ. ಅಂದಮೇಲೆ ಸಂದೇಶ ನರದ ಮೂಲಕ ಹೋಗುತ್ತಿಲ್ಲ, ರಕ್ತದ ಮೂಲಕ ಹೋಗುತ್ತಿದೆ. ಮಿತವಾಗಿ ಬಿಗಿದ ನಾಯಿಗಳು ಸೌಮ್ಯ ಬಗೆಯ ಬಿ.ಪಿ.ಯೊಂದಿಗೆ ಬಹುಕಾಲ ಬದುಕಿದವು. ಅತಿಯಾಗಿ ಬಿಗಿದವು ಅಕ್ಷಿಪಟಲದಲ್ಲಿ ರಕ್ತ ಸೋರಿ, ಸೆಳವು ಬಂದು, ಕಿರುನಾಳಗಳ ಗೋಡೆ ಸತ್ತು, ಫೋಲ್ಹಾರ್ಡ್ ಮತ್ತು ಫಾರ್ ವರ್ಣಿಸಿದ ಮಾರಕ ಬಗೆಯಲ್ಲೇ ಕೊನೆಯಾದವು. ಬ್ರೈಟ್‌ನ ಕಾಲದಿಂದ ಮೇಜಿನ ಮೇಲೆ ಒಟ್ಟಾಗಿ ಬಿದ್ದಿದ್ದ ಮೂರು ಸಂಗತಿಗಳು ಮೊದಲ ಬಾರಿ ಒಂದರ ಹಿಂದೆ ಒಂದು ನಿಂತವು. ಈ ಇಡೀ ಚರಿತ್ರೆಯಲ್ಲಿ ಒಂದೇ ಪ್ರಬಂಧವನ್ನು ಆರಿಸಬೇಕಾದರೆ ಇದನ್ನೇ ಆರಿಸಬೇಕು.

ಟೀಗರ್‌ಸ್ಟೆಡ್‌ನ ರೆನಿನ್ ಆಗ ಮತ್ತೆ ನೆನಪಾಯಿತು. ರೆನಿನ್ ತಾನೇ ನಾಳಗಳನ್ನು ಬಿಗಿಯುವುದಿಲ್ಲ, ರಕ್ತದಲ್ಲಿರುವ ಇನ್ನೊಂದು ವಸ್ತುವನ್ನು ಕತ್ತರಿಸಿ ಬಿಗಿಯುವ ವಸ್ತುವನ್ನು ಹೊರಡಿಸುತ್ತದೆ ಎಂಬುದನ್ನು 1939-40ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅರ್ವಿನ್ ಪೇಜ್‌ನ ತಂಡವೂ ಬ್ಯೂನಸ್ ಐರಿಸ್‌ನಲ್ಲಿ ಬ್ರೌನ್-ಮೆನೆಂಡೆಜ್‌ನ ತಂಡವೂ ಬೇರೆಬೇರೆಯಾಗಿ ಕಂಡುಹಿಡಿದವು. ಒಂದು ತಂಡ ಅದನ್ನು ‘ಆಂಜಿಯೊಟೋನಿನ್’ ಎಂದರೆ ಇನ್ನೊಂದು ‘ಹೈಪರ್‌ಟೆನ್ಸಿನ್’ ಎಂದಿತು. 1958ರಲ್ಲಿ ಎರಡು ಹೆಸರನ್ನೂ ಅರ್ಧರ್ಧ ಕತ್ತರಿಸಿ ‘ಆಂಜಿಯೊಟೆನ್ಸಿನ್’ ಎಂದು ರಾಜಿಯಾದರು. ಬ್ರೆಜಿಲ್‌ನ ಹಾವೊಂದರ ವಿಷದ ಅಧ್ಯಯನದಿಂದ ಹೊಳೆದ, ಈ ವಸ್ತುವಿನ ತಯಾರಿಯನ್ನು ತಡೆಯುವ ಕ್ಯಾಪ್ಟೊಪ್ರಿಲ್ ಔಷಧ 1981ರಲ್ಲಿ ಬಳಕೆಗೆ ಬಂತು. ಇಂದು ಔಷಧದಂಗಡಿಯಲ್ಲಿ ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟಾನ್’ ಎಂದಿರುವ ಬಿ.ಪಿ. ಮಾತ್ರೆಗಳೆಲ್ಲ ಈ ಸರಪಳಿಯನ್ನು ಎಲ್ಲೋ ಒಂದು ಕಡೆ ಕಡಿಯುವಂಥವು.

ಇಲಿಯ ತಲೆಯಲ್ಲಿ ಕಿಟಕಿ

ಲಂಡನ್ನಿನ ಕ್ಲಿಫರ್ಡ್ ವಿಲ್ಸನ್ ಮತ್ತು ಫ್ರಾಂಕ್ ಬೈರಮ್ 1939ರಲ್ಲಿ ಇಲಿಗಳಲ್ಲಿ ಒಂದೇ ಕಡೆಯ ಮೂತ್ರಪಿಂಡದ ನಾಳಕ್ಕೆ ಕ್ಲಿಪ್ ಹಾಕಿದರು. ಒತ್ತಡ ವಿಪರೀತ ಏರಿತು. ಸತ್ತ ಇಲಿಗಳನ್ನು ಕೊಯ್ದು ನೋಡಿದರೆ, ಕ್ಲಿಪ್ ಹಾಕಿದ ಮೂತ್ರಪಿಂಡದ ಕಿರುನಾಳಗಳು ಚೆನ್ನಾಗಿದ್ದವು. ಹಾಳಾಗಿದ್ದದ್ದು ಕೈಯಿಡದೆ ಬಿಟ್ಟ ಇನ್ನೊಂದು. ಕ್ಲಿಪ್ಪು ತನ್ನ ಹಿಂದಿನ ಅಂಗವನ್ನು ಏರಿದ ಒತ್ತಡದಿಂದ ಕಾಪಾಡಿತ್ತು. ಗೋಲ್ಡ್‌ಬ್ಲಾಟ್ ಹೇಳಿದ್ದೂ ನಿಜ, ಆತನ ವಿರೋಧಿಗಳು ಹೇಳಿದ್ದೂ ನಿಜ ಎಂದು ಈ ಪ್ರಯೋಗ ತೋರಿಸಿತು: ಒಂದು ಮೂತ್ರಪಿಂಡ ಒತ್ತಡ ಏರಿಸುತ್ತದೆ, ಒತ್ತಡ ಇನ್ನೊಂದನ್ನು ಕೆಡಿಸುತ್ತದೆ, ಕೆಟ್ಟದ್ದು ಒತ್ತಡವನ್ನು ಇನ್ನೂ ಏರಿಸುತ್ತದೆ. ಈ ವಿಷವರ್ತುಲ ಒಮ್ಮೆ ನೆಲೆಗೊಂಡರೆ ಮೂಲ ಕಾರಣವನ್ನು ತೆಗೆದರೂ ರೋಗ ನಿಲ್ಲದೆ ಹೋಗಬಹುದು.

ಬೈರಮ್ ಅಲ್ಲಿಗೆ ಬಿಡಲಿಲ್ಲ. ಇಂಥ ಇಲಿಗಳಿಗೆ ಸೆಳವು ಬರುತ್ತಿತ್ತು, ಕೈಕಾಲು ಬೀಳುತ್ತಿತ್ತು. ಅವುಗಳ ತಲೆಬುರುಡೆಯಲ್ಲಿ ಕಿಂಡಿ ಮಾಡಿ, ಪಾರದರ್ಶಕ ಕಿಟಕಿ ಕೂರಿಸಿ, ಮೆದುಳಿನ ಮೇಲ್ಮೈಯ ನಾಳಗಳನ್ನು ನೇರವಾಗಿ ನೋಡಿದ. 1954ರ ಪ್ರಬಂಧದಲ್ಲಿ ಆತ ಬರೆದಂತೆ, ಒಂದೇ ನಾಳ ಅಲ್ಲಲ್ಲಿ ಬಿಗಿದುಕೊಂಡು ಅಲ್ಲಲ್ಲಿ ಅಗಲವಾಗಿ ಮಣಿಸರದಂತೆ ಕಾಣುತ್ತಿತ್ತು. ರಕ್ತಕ್ಕೆ ನೀಲಿ ಬಣ್ಣ ಸೇರಿಸಿದರೆ ಮೆದುಳಿನ ಕೆಲವು ತಾಣಗಳು ನೀಲಿಯಾಗುತ್ತಿದ್ದವು, ಅಂದರೆ ಅಲ್ಲಿ ನಾಳ ಸೋರುತ್ತಿತ್ತು. ಮೂತ್ರಪಿಂಡದ ಕ್ಲಿಪ್ ತೆಗೆದರೆ ಒತ್ತಡ ಇಳಿದು ನಾಳ ಸರಿಹೋಗುತ್ತಿತ್ತು. ಬಿಗಿತದಿಂದ ರಕ್ತ ಸಾಲದೆ ಮೆದುಳು ಕೆಡುತ್ತದೆ ಎಂಬುದು ಬೈರಮ್‌ನ ತೀರ್ಮಾನ.

ನೋಟ ಸರಿ, ತೀರ್ಮಾನ ತಪ್ಪು. 1970ರ ದಶಕದಲ್ಲಿ ಕೋಪನ್‌ಹೇಗನ್ನಿನ ಲಾಸೆನ್, ಸ್ಟ್ರಾಂಡ್‌ಗಾರ್ಡ್ ಮತ್ತು ಗ್ಲಾಸ್ಗೋದ ಸಂಶೋಧಕರು ಅದನ್ನು ತಲೆಕೆಳಗು ಮಾಡಿದರು. ಒತ್ತಡ ಏರಿದಂತೆ ನಾಳ ಬಿಗಿದುಕೊಂಡು ಮೆದುಳಿಗೆ ಹೋಗುವ ರಕ್ತವನ್ನು ಒಂದೇ ಪ್ರಮಾಣದಲ್ಲಿ ಇಡುತ್ತದೆ. ಬಿಗಿದ ಭಾಗ ತನ್ನ ಕೆಲಸ ಮಾಡುತ್ತಿರುವ ಭಾಗ. ಮಿತಿ ಮೀರಿದಾಗ ಬಲವಂತವಾಗಿ ಅಗಲಗೊಂಡು ಸೋರುವ ಭಾಗದಲ್ಲೇ ಹಾನಿ. ಆರೋಗ್ಯವಂತರಲ್ಲಿ ಆ ಮಿತಿ ಸರಾಸರಿ ಒತ್ತಡ ಸುಮಾರು 150 ಮಿ.ಮೀ. ಪಾದರಸದ ಆಸುಪಾಸಿನಲ್ಲಿದೆ. ಬಹುಕಾಲದ ಬಿ.ಪಿ. ರೋಗಿಯಲ್ಲಿ ಅದು ಮೇಲಕ್ಕೆ ಸರಿದಿರುತ್ತದೆ. ಮೂತ್ರಪಿಂಡದ ಉರಿಯೂತ (ನೆಫ್ರೈಟಿಸ್) ಬಂದ ಮಗುವಿಗೆ ಅಷ್ಟೇನೂ ಭಯಂಕರವಲ್ಲದ ಅಂಕಿಯಲ್ಲಿ ಫಿಟ್ಸ್ ಬರುವುದು, ವರ್ಷಗಳಿಂದ ಬಿ.ಪಿ. ಇರುವ ಅಜ್ಜ ಅದಕ್ಕಿಂತ ಹೆಚ್ಚಿನದರಲ್ಲಿ ಓಡಾಡಿಕೊಂಡಿರುವುದು ಇದರಿಂದ. ಅಜ್ಜನ ಒತ್ತಡವನ್ನು ಒಮ್ಮೆಲೇ ಇಳಿಸಿದರೆ ಮೆದುಳಿಗೆ ರಕ್ತ ಸಾಲದೆ ಹೋಗುವುದೂ ಅದರಿಂದಲೇ. ಇಂಥ ಊತ ಮುಖ್ಯವಾಗಿ ಮೆದುಳಿನ ಹಿಂಭಾಗದಲ್ಲಿ ಕಾಣುತ್ತದೆ, ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಮಾಯವಾಗುತ್ತದೆ ಎಂಬುದನ್ನು 1996ರಲ್ಲಿ 15 ರೋಗಿಗಳ ಸ್ಕ್ಯಾನ್‌ಗಳಿಂದ ಹಿಂಚಿ ಮತ್ತು ಸಂಗಡಿಗರು ತೋರಿಸಿದರು.

ಚಿಕಿತ್ಸೆ ಬದಲಿಸಿದ ಚಿತ್ರ

1940ರ ದಶಕದವರೆಗೂ ಬಿ.ಪಿ. ಇಳಿಸಬಾರದು, ಕಿರಿದಾದ ನಾಳಗಳಲ್ಲಿ ರಕ್ತ ಹರಿಯಲು ಅದು ಬೇಕು ಎಂಬ ಅಭಿಪ್ರಾಯ ಬಲವಾಗಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಕುಸಿದಾಗ ಅವರ ರಕ್ತದೊತ್ತಡದ ಮೇಲಿನ ಅಂಕಿ 300ನ್ನು ದಾಟಿತ್ತು, ಕೆಳಗಿನದು 190. ಅವರ ಮೂತ್ರದಲ್ಲಿ ಪ್ರೋಟೀನ್ ಇದ್ದದ್ದು ಹಿಂದಿನ ವರ್ಷವೇ ಗೊತ್ತಾಗಿತ್ತು. ಆಗ ಕೊಡಲು ತಕ್ಕ ಔಷಧವೇ ಇರಲಿಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಸರ್ಪಗಂಧಿ ಬೇರಿನ ಬಿ.ಪಿ. ಇಳಿಸುವ ಗುಣವನ್ನು ವರದಿ ಮಾಡಿದ ಮೇಲೆ ಅದರಿಂದ ರಿಸರ್ಪಿನ್ ಬಂತು. 1967ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಪರೀಕ್ಷೆಯಲ್ಲಿ ಕೊಟ್ಟ ಮೂರು ಔಷಧಗಳಲ್ಲಿ ರಿಸರ್ಪಿನ್ ಒಂದು. ಅಲ್ಲಿ ಔಷಧ ಸಿಕ್ಕ 73 ಮಂದಿಯಲ್ಲಿ 2, ಬರಿಯ ಹುಸಿಮಾತ್ರೆ ಸಿಕ್ಕ 70ರಲ್ಲಿ 27 ಗಂಭೀರ ಅನಾಹುತಗಳಾದವು. ಕಿರುನಾಳಗಳ ಗೋಡೆ ಸತ್ತ ಮಾರಕ ಬಗೆಯ ಮೂತ್ರಪಿಂಡ ಇಂದು ಶವಪರೀಕ್ಷೆಯಲ್ಲಿ ಅಪರೂಪ.

ಬಹುಪಾಲು ಬಿ.ಪಿ.ಗೆ ನಾಳ ಕಿರಿದಾಗುವುದು ಕಾರಣವಲ್ಲವಾದರೂ ಮೂತ್ರಪಿಂಡವನ್ನು ಬಿಟ್ಟು ಅದನ್ನು ವಿವರಿಸಲಾಗಲಿಲ್ಲ. ಕ್ಯೋಟೊ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಕೊಜೊ ಒಕಾಮೊಟೊ ಮತ್ತು ಆವೊಕಿ 1963ರಲ್ಲಿ ತಾನಾಗಿಯೇ ಒತ್ತಡ ಏರುವ ಇಲಿಯ ತಳಿಯನ್ನು ಬೆಳೆಸಿದರು. ಅದರಿಂದಲೇ 1974ರ ಹೊತ್ತಿಗೆ ಪಾರ್ಶ್ವವಾಯು ಬರುವ ಇನ್ನೊಂದು ತಳಿ ಬಂತು. ಅದೇ ವರ್ಷ ಅಮೆರಿಕದ ಡಾಲ್ ಉಪ್ಪಿಗೆ ಒತ್ತಡ ಏರುವ ತಳಿಯ ಮೂತ್ರಪಿಂಡವನ್ನು ಏರದ ತಳಿಗೆ ಕಸಿ ಮಾಡಿ, ಒತ್ತಡ ಮೂತ್ರಪಿಂಡದ ಜೊತೆಗೇ ಹೋಗುವುದನ್ನು ತೋರಿಸಿದ. ಬಿ.ಪಿ.ಯಿಂದಲೇ ಮೂತ್ರಪಿಂಡ ವಿಫಲವಾಗಿದ್ದ ಆರು ರೋಗಿಗಳಿಗೆ ಆರೋಗ್ಯವಂತರ ಮೂತ್ರಪಿಂಡ ಕಸಿಯಾದ ಮೇಲೆ ಬಿ.ಪಿ.ಯೇ ಹೋದುದನ್ನು 1983ರಲ್ಲಿ ಕರ್ಟಿಸ್ ವರದಿ ಮಾಡಿದ.

ಗೋಲ್ಡ್‌ಬ್ಲಾಟ್‌ನ ಪ್ರಯೋಗದ ಬೆನ್ನಲ್ಲೇ, ಒಂದು ಕಡೆಯ ಕೆಟ್ಟ ಮೂತ್ರಪಿಂಡವನ್ನು ತೆಗೆದುಹಾಕಿ ಬಿ.ಪಿ. ಗುಣಪಡಿಸುವ ಉತ್ಸಾಹ ಶಸ್ತ್ರವೈದ್ಯರಲ್ಲಿ ಹರಡಿತ್ತು. 1956ರಲ್ಲಿ ಹೋಮರ್ ಸ್ಮಿತ್ ಲೆಕ್ಕ ಹಾಕಿದಾಗ ಗುಣವಾದವರು ಸುಮಾರು ಕಾಲುಭಾಗ. ನಾಳದೊಳಗೆ ಸ್ಟೆಂಟ್ ಇಡುವ ಕಾಲದಲ್ಲೂ ಇದೇ ಮರುಕಳಿಸಿತು: 947 ರೋಗಿಗಳ ‘ಕೋರಲ್’ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾದಾಗ, ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಿದ್ದರಿಂದ ಔಷಧಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ವಯಸ್ಸಾದ ಇಂಥ ರೋಗಿಗಳಲ್ಲಿ ವಿಲ್ಸನ್ ಮತ್ತು ಬೈರಮ್ ಹೇಳಿದ ವರ್ತುಲ ಆಗಲೇ ಪೂರ್ತಿಯಾಗಿರಬಹುದು. ಭಾರತದಲ್ಲಿ ಚಿತ್ರ ಬೇರೆ. ಇಲ್ಲಿ ಮೂತ್ರಪಿಂಡದ ನಾಳ ಕಿರಿದಾಗಲು ಒಂದು ಮುಖ್ಯ ಕಾರಣ, ಅದರಲ್ಲೂ ಹದಿಹರೆಯದ ಹುಡುಗಿಯರಲ್ಲಿ, ಮಹಾಪಧಮನಿಯ ಉರಿಯೂತವಾದ ತಕಯಾಸು ಕಾಯಿಲೆ. ನಾಡಿ ಸಿಗದ ಮಣಿಕಟ್ಟು, ಎರಡು ತೋಳುಗಳಲ್ಲಿ ಎರಡು ಅಂಕಿ ಅದರ ಸುಳಿವು. ತೋಳಿನ ನಾಳವೇ ಕಿರಿದಾಗಿದ್ದರೆ ತೋಳಿನ ಓದು ಸುಳ್ಳು ಹೇಳುತ್ತದೆ, ಕಾಲಿನಲ್ಲೂ ಅಳೆಯಬೇಕು. ಉರಿಯೂತ ಅಡಗಿದ ಮೇಲೆ ಬಲೂನಿನಿಂದ ನಾಳವನ್ನು ಅಗಲಿಸಿದರೆ ಇವರಲ್ಲಿ ಹಲವರ ಒತ್ತಡ ಇಳಿಯುತ್ತದೆ, ಕೆಲವರಿಗೆ ಮಾತ್ರೆಯೇ ಬೇಡವಾಗುತ್ತದೆ.